ಬಾವಿಯ ಈಜಿನಿಂದ ನೇತ್ರಾಣಿಯ ಆಳಕ್ಕೆ

ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಈಜು ಕಲಿಯುವುದೆಂದರೆ ಹೊಲದ ಬಾವಿಗೆ ಇಳಿಯುವುದು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದ ನಮ್ಮ ಕಾಕಾ, "ಉಸಿರು ಬಿಗಿ ಹಿಡಿಯೋ ತಮ್ಮಾ, ಬಿಡಬ್ಯಾಡ" ಎಂದು ಮೇಲಿನಿಂದ ಕೂಗುತ್ತಿದ್ದರು. ಅಂದು ಮೈಗೂಡಿದ ಆ ರೂಢಿಯನ್ನೇ ನಾನು ನೇತ್ರಾಣಿಯಲ್ಲಿ ಮುಳುಗುವ ಮೊದಲು ಬಿಡಬೇಕಾಯಿತು.

ನೇತ್ರಾಣಿಯು ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಕಡಲಿನಲ್ಲಿರುವ, ಕಡಿದಾದ ಬಂಡೆಗಳ ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಅಲ್ಲಿಗೆ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಆಟ) ದೋಣಿಗಳು ಹೋಗುವುದಿಲ್ಲವಾದ್ದರಿಂದ ಜನವರಿಯಲ್ಲಿ ಹೊರಟೆ. ಕಲಬುರಗಿಯಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸು, ಅಲ್ಲಿಂದ ಮತ್ತೊಂದು ಬಸ್ಸು.

ಬಾವಿಯಲ್ಲಿ ನಾವು ದಡದ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಮುಳುಗುತ್ತೇವೆ. ಆಳದಲ್ಲಿ ಕುಗ್ಗಿದ ಆ ಗಾಳಿ ಮೇಲೆ ಬರುವಾಗ ತನ್ನ ಮೊದಲಿನ ಗಾತ್ರಕ್ಕಷ್ಟೇ ಮರಳುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟಿರುವುದರಿಂದ, ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿಯು ಮೇಲ್ಮೈ ತಲುಪುವ ಹೊತ್ತಿಗೆ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ಇದು ತಿಳಿದ ಮೇಲೆ, ಹೊರಡುವ ಮುನ್ನ ಎರಡು ವಾರ ಅದೇ ಬಾವಿಯಲ್ಲಿ ಮುಖ ಮುಳುಗಿಸಿ, ಸ್ನಾರ್ಕೆಲ್ ಕೊಳವೆಯಿಂದ ಬಾಯಲ್ಲೇ ನಿಧಾನವಾಗಿ ಉಸಿರಾಡುವುದನ್ನು ರೂಢಿಸಿಕೊಂಡೆ.

ಆದರೂ ದೋಣಿಯಿಂದ ಇಳಿದ ಮೊದಲ ನಿಮಿಷದಲ್ಲಿ ಎದೆ ತಾನಾಗಿಯೇ ಬಿಗಿಯಿತು. ತರಬೇತುದಾರರು ಗುರುತಿಸಿ, ಬಾಯಿಂದ ಗುಳ್ಳೆ ಹೊರಡುವವರೆಗೂ ನನ್ನನ್ನು ಕೆಳಗೆ ಬಿಡಲಿಲ್ಲ. ಆ ತಾಳ್ಮೆಗೆ ನಾನು ಋಣಿ. ಇನ್ನೊಂದು ತೊಡಕು, ನೀರಿನ ಒತ್ತಡಕ್ಕೆ ನೋಯುವ ಕಿವಿಯದು. ನೋವು ಶುರುವಾದ ಮೇಲೆ ಮೂಗು ಹಿಡಿದು ಊದಿದರೆ ಕಿವಿ ಸುಲಭವಾಗಿ ಬಿಡುವುದಿಲ್ಲ. ಒಂದು ಗಜ ಮೇಲೇರಿ, ಮೂಗು ಹಿಡಿದು ಮೆಲ್ಲಗೆ ಊದಿ, ಮತ್ತೆ ಇಳಿಯಬೇಕಾಯಿತು. ನೆಗಡಿ ಇದ್ದವರು ಈ ಕಾರಣಕ್ಕೇ ಇಳಿಯಬಾರದು.

ಕೆಳಗೆ ಬಂಡೆಗಳ ಮೇಲೆ ಹವಳ, ಅದನ್ನು ಕೆರೆಯುತ್ತಿದ್ದ ಗಿಳಿಮೀನುಗಳು, ಸಂದಿಯಿಂದ ಬಾಯಿ ತೆರೆದು ಇಣುಕುತ್ತಿದ್ದ ಮೊರೆ ಹಾವುಮೀನು. ಯಾವುದನ್ನೂ ಮುಟ್ಟಲಿಲ್ಲ, ಹವಳವು ಜೀವಂತ ಪ್ರಾಣಿಗಳ ಸಮೂಹ, ಕಾಲು ತಗುಲಿದರೂ ಮುರಿಯುತ್ತದೆ.

ಈ ಬೇಸಿಗೆಯಲ್ಲಿ ಅಣ್ಣನ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುತ್ತಿದ್ದೇನೆ. ಕಾಕಾ ಹೇಳಿದಂತೆ ಉಸಿರು ಹಿಡಿಯುವುದರ ಜೊತೆಗೆ, ಕಿವಿ ನೋಯುವ ಮೊದಲೇ ಮೂಗು ಹಿಡಿದು ಊದುವುದನ್ನೂ ಹೇಳಿಕೊಡುತ್ತಿದ್ದೇನೆ.