ಗ್ಯಾಸ್ಟ್ರಿಕ್, ಅಲ್ಸರ್ ಇದ್ದವರು ಮೀನೆಣ್ಣೆ ಕ್ಯಾಪ್ಸೂಲ್ ತಗೊಳ್ಳೋದು ಹೇಗೆ?

ಕೋಲಾರದ ಟೊಮೆಟೊ ಮಂಡಿಯಲ್ಲಿ ದಿನವಿಡೀ ಬಾಕ್ಸ್ ಎತ್ತುವವರು ಬೆಳಗಿನ ಜಾವ ಸೊಂಟ ನೋವಿಗೆ ಅಂತ ಒಂದು ಡೈಕ್ಲೋಫೆನಾಕ್ ಮಾತ್ರೆಯನ್ನು ಬರೀ ಟೀ ಜೊತೆ ನುಂಗಿ ಕೆಲಸಕ್ಕೆ ಇಳಿಯುತ್ತಾರೆ. ಹೊಟ್ಟೆ ಹುಣ್ಣಿಗೆ ದಾರಿ ಇದೇ. ಹೊಟ್ಟೆಯ ಒಳಪದರಕ್ಕೆ ಆಸಿಡ್ ತಾಗದಂತೆ ಲೋಳೆ ಕಾಯುತ್ತದೆ, ಆ ಲೋಳೆ ಬರಲು ದೇಹವೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬೇಕು, ನೋವಿನ ಮಾತ್ರೆ ಅದನ್ನೇ ತಡೆಯುತ್ತದೆ. ಇನ್ನೊಂದು ದೊಡ್ಡ ಕಾರಣ ಎಚ್. ಪೈಲೋರಿ ಬ್ಯಾಕ್ಟೀರಿಯಾ. ಅದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಸುಮ್ನೆ ಖಾರದ ಸಾರನ್ನು ಬೈಯಬೇಡಿ.

ಮೀನೆಣ್ಣೆಯ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಉರಿಯೂತ ತಗ್ಗಿಸುತ್ತವೆ. ಇಲಿಗಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಒಳಪದರದ ಗಾಯ ಕಡಿಮೆಯಾಗಿದ್ದೂ ಉಂಟು. ಆದರೆ ಮನುಷ್ಯರ ಹುಣ್ಣು ವಾಸಿ ಮಾಡುತ್ತದೆ ಅಂತ ಸಾಬೀತಾಗಿಲ್ಲ. ಆದ್ದರಿಂದ ಡಾಕ್ಟರ ಮಾತ್ರೆ ಬಿಟ್ಟು ಇದನ್ನು ಹಿಡಿಯಬೇಡಿ.

ಮೊದಲು ಎಚ್. ಪೈಲೋರಿ ಟೆಸ್ಟ್ ಮಾಡಿಸಿ. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ಸಾಮಾನ್ಯವಾಗಿ ಎರಡು ವಾರ ನಿಲ್ಲಿಸಿ ಟೆಸ್ಟ್ ಮಾಡುತ್ತಾರೆ, ಇಲ್ಲದಿದ್ದರೆ ಇರುವ ಬ್ಯಾಕ್ಟೀರಿಯಾನೂ ತಪ್ಪಿಸಿಕೊಳ್ಳುತ್ತದೆ. ಪಾಸಿಟಿವ್ ಬಂದರೆ ಹೆಚ್ಚಾಗಿ 14 ದಿನದ ಕೋರ್ಸ್. ಉರಿ ಕಮ್ಮಿ ಆಯ್ತು ಅಂತ ನಡುವೆ ಬಿಡಲೇಬೇಡಿ.

ಇನ್ನು ಕ್ಯಾಪ್ಸೂಲ್. ಡಬ್ಬಿ ಮುಂದೆ 1000 ಮಿಲಿಗ್ರಾಂ ಅಂತ ದಪ್ಪಗೆ ಬರೆದಿರುತ್ತದೆ, ಹಿಂದೆ ತಿರುಗಿಸಿದರೆ ಎಷ್ಟೋ ಡಬ್ಬಿಗಳಲ್ಲಿ ಇಪಿಎ 180, ಡಿಎಚ್‌ಎ 120 ಅಷ್ಟೇ. ನೋಡಬೇಕಾದ್ದು ಆ ಸಣ್ಣಕ್ಷರ. ಒಂದನ್ನು ಕತ್ತರಿಸಿ ಮೂಸಿ, ಕಮಟು ವಾಸನೆ ಬಂದರೆ ಡಬ್ಬಿ ಎಸೆಯಿರಿ. ಮುದ್ದೆ ಊಟ ಆದ ತಕ್ಷಣ ನುಂಗಿ. ಖಾಲಿ ಹೊಟ್ಟೆಗೆ ತಗೊಂಡರೆ ಮೀನಿನ ತೇಗು ಜಾಸ್ತಿ. ಮೀನು ತಿನ್ನುವವರಾದರೆ ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆಯೇ ಸಾಕು, ನನಗೆ ಕೇಳಿದರೆ ಅದೇ ಮೇಲು. ಸಸ್ಯಾಹಾರಿಗಳಿಗೆ ಅಗಸೆ ಇದೆ, ಆದರೆ ಅದರಿಂದ ದೇಹ ಇಪಿಎ ಮಾಡಿಕೊಳ್ಳುವುದು ಸ್ವಲ್ಪವೇ. ಹುಚ್ಚೆಳ್ಳಿನ ಚಟ್ನಿ ಇದಕ್ಕೆ ಬದಲಿ ಅಲ್ಲ.

ರಕ್ತ ತೆಳುವಾಗುವ ಮಾತ್ರೆ, ಅಂದರೆ ವಾರ್ಫರಿನ್, ಕ್ಲೋಪಿಡೋಗ್ರೆಲ್ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ಒಂದು ಕ್ಯಾಪ್ಸೂಲೂ ಬೇಡ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬಂದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಜಿಲ್ಲಾಸ್ಪತ್ರೆಗೆ ಹೋಗಿ. ಯಾವ ನೋವಿನ ಮಾತ್ರೆ ತಿಂದಿದ್ದಿರೋ ಅದರ ಶೀಟನ್ನೂ ಜೊತೆಗೆ ಇಟ್ಟುಕೊಳ್ಳಿ.