ಬಜ್ಜಿ ಬಾಣಲೆಗೆ ಎರಡು ಕಡ್ಡಿ

2018ರಲ್ಲಿ ಕೆಲಸದ ಮೇಲೆ ಏಳು ತಿಂಗಳು ಚೀನಾದ ಶೆನ್‌ಝೆನ್‌ನಲ್ಲಿದ್ದೆ. ಮೊದಲ ದಿನ ಕ್ಯಾಂಟೀನಿನಲ್ಲಿ ತಟ್ಟೆ ತುಂಬ ಎಳೆಎಳೆಯಾಗಿ ಹೆಚ್ಚಿ ಹುರಿದ ಆಲೂಗಡ್ಡೆ, ಪಕ್ಕದಲ್ಲಿ ಎರಡು ಕಡ್ಡಿ, ಅಂದರೆ ಚಾಪ್‌ಸ್ಟಿಕ್. ಊಟದ ಹೊತ್ತು ಮುಗಿಯಿತು, ಆಲೂಗಡ್ಡೆ ಮುಗಿಯಲಿಲ್ಲ.

ನಾನು ಎರಡೂ ಕಡ್ಡಿ ಆಡಿಸುತ್ತಿದ್ದೆ. ತಪ್ಪು ಅಲ್ಲೇ. ಟೀಮಿನ ಹುಡುಗಿಯೊಬ್ಬಳು ಒಂದು ಕಡ್ಡಿ ಕಿತ್ತುಕೊಂಡು, ಉಳಿದದ್ದನ್ನು ಪೆನ್ನಿನ ಹಾಗೆ ಹಿಡಿಸಿದಳು. ಅದರ ತುದಿ ಮೇಲೆ ಕೆಳಗೆ ಆಡಿಸೋದು ಬಂದ ಮೇಲೆ ಎರಡನೆಯದನ್ನು ಕೆಳಗೆ ತೂರಿಸಿದಳು. ಅದು ಹೆಬ್ಬೆರಳಿನ ಬುಡದ ಸಂದಿಯಲ್ಲಿ ಕೂತು, ಉಂಗುರ ಬೆರಳಿನ ಮೇಲೆ ಒರಗಬೇಕು. ಅಲ್ಲಾಡಲೇಬಾರದು. ಕೆಲಸವೆಲ್ಲ ಮೇಲಿನ ಕಡ್ಡಿಯದ್ದೇ. ಬಿಗಿ ಹಿಡಿದಷ್ಟೂ ತುದಿಗಳು ಒಂದರ ಮೇಲೊಂದು ಹತ್ತುತ್ತವೆ. ರಾತ್ರಿ ರೂಮಿನಲ್ಲಿ ಕೂತು ಶೇಂಗಾ ಬೀಜವನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದೆ. ವಾರದಲ್ಲಿ ಕೈ ಪಳಗಿತು.

ಅನ್ನದ ಭಯವಿತ್ತು. ಆದರೆ ಅಲ್ಲಿನ ಅನ್ನ ಸ್ವಲ್ಪ ಅಂಟಂಟು, ಮುದ್ದೆಯಾಗಿ ಕಡ್ಡಿಗೆ ಬರುತ್ತದೆ. ಉಳಿದದ್ದಕ್ಕೆ ಬಟ್ಟಲನ್ನೇ ಬಾಯಿಯ ಹತ್ತಿರ ಎತ್ತಿ ತಳ್ಳಿಕೊಳ್ಳುತ್ತಾರೆ. ನಮ್ಮನೆಯಲ್ಲಿ ತಟ್ಟೆ ಎತ್ತಿದ್ದರೆ ಅಮ್ಮ ಸುಮ್ನೆ ಬಿಡುತ್ತಿರಲಿಲ್ಲ. ಒಮ್ಮೆ ಮಾತಿನ ಭರದಲ್ಲಿ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಬಿಟ್ಟೆ. ಆ ಹುಡುಗಿ ಗಾಬರಿಯಾಗಿ ಕಿತ್ತಿಟ್ಟಳು. ಸತ್ತವರ ಮುಂದೆ ಊದಿನಕಡ್ಡಿ ಚುಚ್ಚಿಟ್ಟ ಹಾಗೆ ಕಾಣುತ್ತದಂತೆ. ನನಗೆ ನಮ್ಮ ಪಿಂಡದ ನೆನಪಾಗಿ ಇನ್ನೇನೂ ಕೇಳಲಿಲ್ಲ.

ನಿಜವಾದ ಕಷ್ಟ ಬೆರಳಿನದ್ದಲ್ಲ, ಎಂಜಲಿನದ್ದು. ನಡುವೆ ಪಲ್ಯಗಳ ತಟ್ಟೆ, ಸುತ್ತ ಎಂಟು ಜನ. ಬಾಯಿಗೆ ಹೋದ ಕಡ್ಡಿಯೇ ಮತ್ತೆ ತಟ್ಟೆಗೆ. ಫೋನಿನಲ್ಲಿ ಹೇಳಿದರೆ ಅಮ್ಮ, "ಎಂಜಲಾಗಲ್ವೇನೇ ಅದು?" ಅಂದಳು. ನಾನು ಬಡಿಸಿಕೊಳ್ಳೋಕೆ ಇನ್ನೊಂದು ಜೊತೆ ಕೇಳಲು ಶುರುಮಾಡಿದೆ. ಮುಜುಗರವೇನೂ ಆಗಲಿಲ್ಲ, ಅದಕ್ಕೆ ಅಲ್ಲೇ ಒಂದು ಹೆಸರಿದೆ: ಗೊಂಗ್‌ಕ್ವಾಯ್, ಅಂದರೆ ಎಲ್ಲರಿಗೂ ಸೇರಿದ ಕಡ್ಡಿ. 2020ರ ಕೊರೊನಾ ಬಂದ ಮೇಲೆ ಸರ್ಕಾರವೇ ಅದನ್ನು ಬಳಸಿ ಅಂತ ಪ್ರಚಾರ ಮಾಡಿತು. ಅಮ್ಮನಿಗೆ ಹೇಳಿದಾಗ, "ಈಗ ಬುದ್ಧಿ ಬಂತು" ಅಂದಳು.

ದಾವಣಗೆರೆಗೆ ವಾಪಸ್ ಬಂದು ಕಡ್ಡಿಯಲ್ಲಿ ಅನ್ನ ಸಾರು ತಿನ್ನೋಕೆ ಹೋಗಲಿಲ್ಲ. ಸಾರನ್ನಕ್ಕೆ ಕೈಯೇ ಸರಿ. ಮುದ್ದೆಗಂತೂ ಬೇರೆ ದಾರಿಯೇ ಇಲ್ಲ. ಕಡ್ಡಿ ಕೆಲಸಕ್ಕೆ ಬಂದದ್ದು ಒಲೆಯ ಮುಂದೆ. ಮೆಣಸಿನಕಾಯಿ ಬಜ್ಜಿ ಮಾಡುವಾಗ ಜಾರದಲ್ಲಿ ಒಂದನ್ನು ತಿರುಗಿಸಲು ಹೋದರೆ ಪಕ್ಕದ್ದರ ಹಿಟ್ಟು ಕಿತ್ತುಬರುತ್ತದೆ. ಉದ್ದನೆಯ ಬಿದಿರಿನ ಕಡ್ಡಿಯಲ್ಲಿ ಒಂದೊಂದನ್ನೇ ಹಿಡಿದು ಮಗುಚಬಹುದು. ಎಣ್ಣೆ ಕಾದಿದೆಯಾ ಅಂತ ನೋಡೋಕೂ ಅದೇ. ತುದಿ ಅದ್ದಿದರೆ ಸುತ್ತ ಸಣ್ಣ ಗುಳ್ಳೆ ಏಳಬೇಕು. ಬಿದಿರಿನೊಳಗಿನ ತೇವ ಆವಿಯಾಗುವ ಗುಳ್ಳೆ ಅದು. ಕಡ್ಡಿ ಒದ್ದೆ ಇದ್ದರೆ ಮಾತ್ರ ಎಣ್ಣೆ ಮುಖಕ್ಕೇ ಸಿಡಿಯುತ್ತದೆ, ಅನುಭವದಿಂದ ಹೇಳ್ತಿದ್ದೀನಿ.

ಇದೇನೂ ನನ್ನ ಹೊಸ ಕಂಡುಹಿಡಿತ ಅಲ್ಲ. ಚೀನಾದ ಆನ್ಯಾಂಗ್‌ನಲ್ಲಿ ಸಿಕ್ಕ 3,000 ವರ್ಷಕ್ಕೂ ಹಳೆಯ ಕಂಚಿನ ಕಡ್ಡಿಗಳು ಅಡುಗೆಯವೇ ಇರಬೇಕು ಅಂತ ಅನೇಕ ವಿದ್ವಾಂಸರ ಊಹೆ. ಊಟದ ಮೇಜಿಗೆ ಬಂದದ್ದು ನಂತರ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿನ ಔತಣದಲ್ಲಿ ಕಡ್ಡಿ ಹಿಡಿದದ್ದನ್ನು ಅಮೆರಿಕದವರು ಟಿವಿಯಲ್ಲಿ ನೋಡಿದರು. ನಮ್ಮ ಅಕ್ಕನ ಮಗಳು ನೋಡಿ ಕಲಿತದ್ದು ಕೊರಿಯಾದ ಸೀರಿಯಲ್. ಹಾಗಾಗಿ ಅವಳ ಪ್ರಕಾರ ಇದು ಕೊರಿಯಾದ್ದೇ. ಆನ್‌ಲೈನಿನಲ್ಲಿ ಚಪ್ಪಟೆ ಸ್ಟೀಲ್ ಕಡ್ಡಿ ತರಿಸಿದ್ದಾಳೆ. ಅದು ಜಾರೋದು ಜಾಸ್ತಿ, ಕಲಿಯುವವರಿಗೆ ಬೇಡ. ಜಪಾನಿನದ್ದು ಗಿಡ್ಡ, ತುದಿ ಚೂಪು. ಚೀನಾದ್ದು ಸುಮಾರು 25 ಸೆಂಟಿಮೀಟರ್ ಉದ್ದ, ತುದಿ ಮೊಂಡು. ಇದರಲ್ಲೇ ಶುರುಮಾಡಿ. ಈಗ ಅವಳು ಲ್ಯಾಪ್‌ಟಾಪ್ ಮುಂದೆ ಕೂತು ಚಿಪ್ಸ್ ತಿನ್ನೋದು ಕಡ್ಡಿಯಲ್ಲೇ. ಕೀಬೋರ್ಡಿಗೆ ಎಣ್ಣೆ ಹತ್ತಲ್ಲ, ಅಲ್ವಾ?

ಬಿದಿರಿನದ್ದನ್ನು ಸಿಂಕಿನಲ್ಲಿ ನೆನೆಯಲು ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ತೊಳೆದ ತಕ್ಷಣ ಒರೆಸಿ, ಲೋಟದಲ್ಲಿ ನಿಲ್ಲಿಸಿ ಗಾಳಿಗಿಡಿ. ನಮ್ಮಮ್ಮ ಅದನ್ನು ಜಾರದ ಪಕ್ಕ ನೇತುಹಾಕಲು ತುದಿಗೆ ದಾರ ಕಟ್ಟಿದ್ದಾಳೆ.