ಮಿಲಿಟರಿ ಅಂದ್ರೆ ಮೂಗು ಮುರಿಯುವ ಹುಡುಗರ ಜೊತೆ ಮಾತಾಡೋದು ಹೇಗೆ

ಮೊದಲು ಭಾಷಣ ನಿಲ್ಲಿಸಿ. "ದೇಶಕ್ಕೋಸ್ಕರ ಏನಾದ್ರೂ ಮಾಡ್ಬೇಕಪ್ಪಾ" ಅಂತ ಶುರು ಮಾಡಿದರೆ ಹುಡುಗ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ, ಅಲ್ಲಿಗೆ ಮುಗೀತು. ನಾನು ಅಕ್ಕನ ಮಗನ ಹತ್ತಿರ ಇದೇ ತಪ್ಪು ಮಾಡಿದೆ. ಬೆಂಗಳೂರಿನ ವಿಜಯನಗರದಲ್ಲಿದ್ದಾನೆ, ಸೆಕೆಂಡ್ ಪಿಯುಸಿ ಸೈನ್ಸ್. ಎಲ್ಲ ಕೇಳಿಸಿಕೊಂಡು "ಸರಿ ಮಾಮ, ನೀವ್ಯಾಕೆ ಹೋಗ್ಲಿಲ್ಲ?" ಅಂದ. ಹೋಗಿದ್ದೆ ಕಣೋ, ಆಫೀಸರ್ ಆಯ್ಕೆ ಮಾಡೋ ಎಸ್‌ಎಸ್‌ಬಿ ಸಂದರ್ಶನದಲ್ಲಿ ಮೊದಲ ದಿನವೇ ವಾಪಸ್ ಬಂದೆ ಅಂತ ಒಪ್ಪಿಕೊಂಡ ಮೇಲೆಯೇ ಅವನು ನನ್ನ ಕಡೆ ತಿರುಗಿ ಕೂತಿದ್ದು. ನಿಮ್ಮ ಹತ್ತಿರ ಇಂಥ ಸೋಲಿನ ಕಥೆ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಆಮೇಲೆ ಯಾಕೆ ಬೇಡ ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳಿ. "ಈಗಿನ ಹುಡುಗರಿಗೆ ದೇಶಭಕ್ತಿ ಇಲ್ಲ" ಅನ್ನೋದು ಸುಮ್ನೆ ಮಾತು. ಬೆಳಗಾವಿ, ಗದಗದ ಕಡೆ ಇವತ್ತಿಗೂ ಬೆಳಗಿನ ಜಾವ ರಸ್ತೆ ಬದಿ ಓಡುವ ಹುಡುಗರು ಸಿಗುತ್ತಾರೆ. ಅಲ್ಲಿ ಓಣಿಗೊಬ್ಬ ಮಿಲಿಟರಿಯವನು ರಜೆಗೆ ಬರ್ತಾನೆ, ಕಟ್ಟೆ ಮೇಲೆ ಕೂತು ಮಾತಾಡ್ತಾನೆ. ಕೊಡಗಿನ ವಿಷಯ ಹೇಳೋದೇ ಬೇಡ, ಕಾರ್ಯಪ್ಪ, ತಿಮ್ಮಯ್ಯ ಅವರ ನೆಲ ಅದು. ಬೆಂಗಳೂರಲ್ಲಿ ತಮಾಷೆ ನೋಡಿ: ಹಲಸೂರು ಕೆರೆ ಪಕ್ಕ ಸೈನ್ಯದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಜಾಲಹಳ್ಳಿಯಲ್ಲಿ ವಾಯುಪಡೆ, ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ ಇದೇ ಊರಲ್ಲಿ. ಆದರೆ ನಮ್ಮ ಮಕ್ಕಳು ನೋಡಿರೋದು ಕಾಂಪೌಂಡ್ ಗೋಡೆ ಮಾತ್ರ, ಅದೂ ಸಿಗ್ನಲ್ ಬಿದ್ದಾಗ. ಅಪಾರ್ಟ್‌ಮೆಂಟಿನಲ್ಲಿ ನಿವೃತ್ತ ಸುಬೇದಾರರೋ ಕರ್ನಲ್ಲೋ ಇದ್ದರೆ ಒಂದು ಸಂಜೆ ಕಾಫಿಗೆ ಕರೆಯಿರಿ. ಉಪದೇಶ ಬೇಡ ಸರ್, ಕಷ್ಟವನ್ನೂ ಹೇಳಿ ಅಂತ ಮೊದಲೇ ಹೇಳಿಬಿಡಿ.

"ನಾಲ್ಕು ವರ್ಷ ಆದ್ಮೇಲೆ ಏನು?" ಇದು ಬಂದೇ ಬರುವ ಪ್ರಶ್ನೆ. ಇದನ್ನು ಹಾರಿಸಬೇಡಿ, ನ್ಯಾಯವಾದ ಪ್ರಶ್ನೆ. 2022ರ ಜೂನ್‌ನಲ್ಲಿ ಅಗ್ನಿಪಥ್ ಬಂದಮೇಲೆ ಸಿಪಾಯಿಯಾಗಿ ಸೇರುವವರು ಅಗ್ನಿವೀರರು, ಅವಧಿ 4 ವರ್ಷ. ಯೋಜನೆ ಪ್ರಕಟವಾದಾಗ ಹೇಳಿದ ಲೆಕ್ಕ ಹೀಗಿದೆ: ಮೊದಲ ವರ್ಷ ತಿಂಗಳಿಗೆ 30,000, ಕೈಗೆ ಬರೋದು 21,000, ಉಳಿದ 9,000 ಸೇವಾ ನಿಧಿಗೆ. ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕನೇ ವರ್ಷಕ್ಕೆ ಸಂಬಳ 40,000. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಪಿಂಚಣಿಯೂ ಇಲ್ಲ. ಮುಂದುವರಿಸೋದು ಹೆಚ್ಚೆಂದರೆ 25% ಜನರನ್ನ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮುಂದಿಡಿ, ಸಕ್ಕರೆ ಸವರಬೇಡಿ. ನಮ್ಮ ಹುಡುಗ ನೋಡಿ "ಬೇಡ" ಅಂದ. ನನಗೂ ಅವನಿಗೆ ಅದು ಬೇಡ ಅಂತಲೇ ಅನಿಸಿತು.

ಆದರೆ ಬಾಗಿಲು ಅದೊಂದೇ ಅಲ್ಲ, ಮನೆಯವರಿಗೆ ಗೊತ್ತಿಲ್ಲದೆ ಇರೋದು ಇದೇ. ಆಫೀಸರ್ ದಾರಿ ಬೇರೆ. ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನ ಒಳಗೆ ಅಕಾಡೆಮಿ ಸೇರಬೇಕು. 2022ರಿಂದ ಹುಡುಗಿಯರೂ ಇದ್ದಾರೆ, ಅವರ ಮೊದಲ ಬ್ಯಾಚ್ 2025ರ ಮೇನಲ್ಲಿ ಮುಗಿಸಿ ಹೊರಬಂತು. ನಮ್ಮೂರಿನ ಪೋಷಕರಿಗೆ ಹೇಳಲೇಬೇಕಾದದ್ದು ಸೈನ್ಯದ ಟಿಇಎಸ್ (ಟೆಕ್ನಿಕಲ್ ಎಂಟ್ರಿ ಸ್ಕೀಮ್): ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 60%, ಜೊತೆಗೆ ಜೆಇಇ ಮೇನ್ ಬರೆದಿರಬೇಕು, ಬೇರೆ ಲಿಖಿತ ಪರೀಕ್ಷೆ ಇಲ್ಲ. ಆಯ್ಕೆಯಾದರೆ ಸೈನ್ಯವೇ ಎಂಜಿನಿಯರಿಂಗ್ ಓದಿಸುತ್ತದೆ. ಮ್ಯಾನೇಜ್‌ಮೆಂಟ್ ಸೀಟಿಗೆ ಸೈಟು ಮಾರುವವರು ಇದನ್ನ ಒಮ್ಮೆ ಓದಿಕೊಳ್ಳಿ, ಅಲ್ವಾ? ಲೆಫ್ಟಿನೆಂಟ್ ಆದಾಗ ಏಳನೇ ವೇತನ ಆಯೋಗದಂತೆ ಮೂಲ ವೇತನ 56,100, ಮಿಲಿಟರಿ ಸರ್ವಿಸ್ ಪೇ 15,500, ಡಿಎ ಬೇರೆ. ಡಿಗ್ರಿ ಸೇರುವವರಿದ್ದರೆ ಎನ್‌ಸಿಸಿ ಇರುವ ಕಾಲೇಜು ನೋಡಿ, ಸಿ ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆ ಇಲ್ಲದ ಇನ್ನೊಂದು ದಾರಿ ತೆರೆಯುತ್ತದೆ.

ಎಸ್‌ಎಸ್‌ಬಿ ಸಂದರ್ಶನದ ಕೇಂದ್ರ ಬೆಂಗಳೂರಲ್ಲೂ ಇದೆ. ಐದು ದಿನ. ಮೊದಲ ದಿನ ಮಸುಕಾದ ಒಂದು ಚಿತ್ರವನ್ನ 30 ಸೆಕೆಂಡ್ ತೋರಿಸಿ ಕಥೆ ಬರೆಸುತ್ತಾರೆ, ಆಮೇಲೆ ಗುಂಪಿನಲ್ಲಿ ಚರ್ಚೆ. ನಾನು ಎಲ್ಲರಿಗಿಂತ ಜೋರಾಗಿ ಕೂಗಿದವನೇ ಗೆಲ್ಲೋದು ಅಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಗ್ ಹಿಡಿದು ಹೊರಗಿದ್ದೆ.

ಅಮ್ಮನನ್ನ ಮರೆಯಬೇಡಿ. ಹುಡುಗನಿಗಿಂತ ಅವರ ಜೊತೆ ಮಾತಾಡೋದು ಕಷ್ಟ. ಅಗ್ನಿವೀರರಿಗೆ 48 ಲಕ್ಷದ ವಿಮೆ ಇದೆ ಅಂತ ಸಮಾಧಾನ ಹೇಳೋಕೆ ಮಾತ್ರ ಹೋಗಬೇಡಿ, ಬೈಸ್ಕೋತೀರಿ. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆ ಇದೆ. ಇಲ್ಲೇ ಬೆಳೆದು 2008ರ ಮುಂಬೈ ದಾಳಿಯಲ್ಲಿ ಹೋರಾಡುತ್ತಾ ತೀರಿಕೊಂಡವರು. ಅಕ್ಕನಿಗೆ ಆ ರಸ್ತೆಯಲ್ಲಿ ಹೋದಾಗಲೆಲ್ಲ ಅವರ ತಾಯಿಯ ನೆನಪೇ ಬರುತ್ತದಂತೆ. ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ, ಸುಮ್ಮನಿದ್ದೆ. ನೀವೂ ಸುಮ್ಮನಿರಿ.

ಮಾತು ಸಾಕಾದಾಗ ಮೈದಾನಕ್ಕೆ ಕರೆದುಕೊಂಡು ಹೋಗಿ. 400 ಮೀಟರ್ ಟ್ರ್ಯಾಕ್‌ನಲ್ಲಿ 4 ಸುತ್ತು, ಅಂದರೆ 1.6 ಕಿಲೋಮೀಟರ್. ಅಗ್ನಿವೀರ್ ರ‍್ಯಾಲಿಯಲ್ಲಿ ಇದನ್ನ ಐದೂವರೆ ನಿಮಿಷದ ಒಳಗೆ ಓಡಿದರೆ ಪೂರ್ತಿ 60 ಅಂಕ, ಅಂದರೆ ಸುತ್ತಿಗೆ ಸುಮಾರು 82 ಸೆಕೆಂಡ್. ಸೇರೋದು ಬಿಡೋದು ಆಮೇಲೆ, ಸುಮ್ನೆ ಒಂದು ಸಲ ಓಡು ಅನ್ನಿ. ನಿಮಗೆ ಆದರೆ ನೀವೂ ಓಡಿ. ಆಗದಿದ್ದರೆ ಸ್ಟಾಪ್‌ವಾಚ್ ಹಿಡಿದು ನಿಂತುಕೊಳ್ಳಿ. ನಮ್ಮವನು ಮೊದಲ ಭಾನುವಾರ 8 ನಿಮಿಷ ತಗೊಂಡ, ಮೂರನೇ ಸುತ್ತಿನಲ್ಲಿ ನಡೆದೇಬಿಟ್ಟ. ಮುಖ ಸಪ್ಪಗಾಯಿತು. ನಾನು ಏನೂ ಹೇಳದೆ ಇಡ್ಲಿ ತಿನ್ನಿಸಿ ಮನೆಗೆ ಬಿಟ್ಟೆ.

ಹದಿನೈದು ದಿನ ಆದಮೇಲೆ ಬೆಳಿಗ್ಗೆ ಆರೂವರೆಗೆ ಫೋನ್. "ಮಾಮ, ಆರು ಐವತ್ತು." ಟೈಮ್ ಹೇಳ್ತಿದ್ದಾನೆ ಅಂದುಕೊಂಡು ಇನ್ನೂ ಆರೂವರೆ ಕಣೋ ಅಂದೆ. ಕೆಸಿಇಟಿ ಪುಸ್ತಕವನ್ನೇನೂ ಬಿಟ್ಟಿಲ್ಲ. ಎನ್‌ಡಿಎ ಅರ್ಜಿ ಹಾಕ್ತೀಯಾ ಅಂತ ನಾನೂ ಇನ್ನೂ ಕೇಳಿಲ್ಲ.